ತೊಗರಿಕಟ್ಟಿಗೆ ಹಾಸಿದ ದಾರಿ

ಸರಕಾರಿ ದವಾಖಾನೆಯ ಜೀಪು ಓಡಿಸುವುದು ನನ್ನ ನೌಕರಿಯಾಗಿತ್ತು. ಎಂಬತ್ತರ ದಶಕದ ನಡುವಿನಲ್ಲಿ ಸೇರಿದವನು ಎರಡು ಸಾವಿರ ಇಸವಿ ದಾಟಿದ ಮೇಲೂ ಅದೇ ಕೆಲಸದಲ್ಲಿದ್ದೆ. ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ಬೆಳಗ್ಗೆ ಎದ್ದು ರೇಡಿಯೇಟರಿಗೆ ನೀರು ಹಾಕಿ, ಲಸಿಕೆಯ ಐಸ್ ಡಬ್ಬಿಗಳನ್ನು ಹಿಂದಿನ ಸೀಟಿನಲ್ಲಿ ಕಟ್ಟಿಕೊಂಡು ಕಮಲಾಪುರದ ಕಡೆ ಹೊರಟರೆ ತಿರುಗಿ ಬರುವುದು ಸಂಜೆಗೆ. ಕಮಲಾಪುರದಲ್ಲಿ ಸಿಸ್ಟರ್ ಹತ್ತುತ್ತಿದ್ದರು. ಸುತ್ತಲಿನ ಹಳ್ಳಿಗಳಿಗೆ ಹೋಗಿ ಮಕ್ಕಳಿಗೆ ಸೂಜಿ ಹಾಕುವುದು, ಬಸಿರಿಯರನ್ನು ನೋಡುವುದು ಅವರ ಕೆಲಸ. ನನಗಿಂತ ಐದಾರು ವರ್ಷ ದೊಡ್ಡವರು, ಮಾತು ಕಡಿಮೆ. ನಾನು ಅವರನ್ನು ‘ಅಕ್ಕಾರ’ ಎನ್ನುತ್ತಿದ್ದೆ.

ನಮ್ಮ ಪಾಲಿಗೆ ಬಂದ ಊರುಗಳಲ್ಲಿ ಎಲ್ಲಕ್ಕಿಂತ ತ್ರಾಸಿನದು ಗುಡ್ಡದ ಓರೆಯಲ್ಲಿದ್ದ ಒಂದು ಲಂಬಾಣಿ ತಾಂಡಾ. ಡಾಂಬರು ಬಿಟ್ಟ ಮೇಲೆ ಎರಡು ಮೈಲು ಬಂಡಿದಾರಿ. ಅದು ಕೆಂಪು ಗರಸಿನ ನೆಲ, ಮಳೆಗಾಲದಲ್ಲೂ ಗಾಲಿಗೆ ಹಿಡಿತ ಸಿಗುತ್ತಿತ್ತು. ಅದು ಮುಗಿದಲ್ಲಿ ಒಂದು ಹಳೆಯ ಕೆರೆ. ಕೆರೆಯ ಏರಿಯ ಕೆಳಗೆ ಇನ್ನೂರು ಹೆಜ್ಜೆಯಷ್ಟು ಜವಳು ನೆಲ. ಏರಿಯ ಬುಡದಿಂದ ನೀರು ಒಸರಿ ಒಸರಿ ಅಲ್ಲಿನ ಕಪ್ಪು ಮಣ್ಣು ವರ್ಷವಿಡೀ ಹಸಿ. ಬೇಸಿಗೆಯಲ್ಲಿ ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು, ಕಾಲಿಟ್ಟರೆ ಒಳಗೆ ಮೆತ್ತಗೆ ಅಲುಗುತ್ತಿತ್ತು. ತಾಂಡಾಕ್ಕೆ ಹೋಗುವಾಗ ಬಲಕ್ಕೆ ಏರಿ, ಎಡಕ್ಕೆ ತಗ್ಗಿನಲ್ಲಿ ಒಂದು ಸಣ್ಣ ಬಾಳೆತೋಟ, ಕಮಲಾಪುರದ ಕೆಂಪು ಬಾಳೆ. ನಡುವೆ ಮೊಣಕಾಲೆತ್ತರದ ಹುಲ್ಲು. ಆ ಹುಲ್ಲಿನ ಮೇಲೆ ನನ್ನ ದಾರಿ.

ದಾರಿ ಎಂದರೆ ನನ್ನ ಗಾಲಿಗಳೇ ಮಾಡಿದ್ದು. ಒಮ್ಮೆ ಹೋದ ಜಾಡಿನಲ್ಲಿ ನೀರು ನಿಲ್ಲುತ್ತಿತ್ತು, ಮರುಸಲ ಅಲ್ಲಿ ಹೋದರೆ ಗಾಲಿ ಹೂಳುತ್ತಿತ್ತು. ಹಾಗಾಗಿ ನಾನು ಪಕ್ಕದ ಹಸಿರು ಹುಲ್ಲಿನ ಮೇಲೆ ಹತ್ತಿಸುತ್ತಿದ್ದೆ. ಹುಲ್ಲಿನ ಬೇರು ಎರಡು ಮೂರು ಸಲ ತಡೆದುಕೊಳ್ಳುತ್ತಿತ್ತು. ಬೇರು ಹರಿದ ಮೇಲೆ ಅದೂ ರಾಡಿ. ಆಗ ಇನ್ನೂ ಸ್ವಲ್ಪ ಆಚೆ. ಎಲ್ಲ ಡ್ರೈವರರೂ ಹೀಗೇ ಮಾಡುತ್ತಾರೆ. ಗಾಡಿ ಹೊರಗೆ ಬಂದರೆ ಸಾಕು ಎನ್ನುವುದರ ಆಚೆ ನಮ್ಮ ವಿಚಾರ ಹೋಗುವುದಿಲ್ಲ.

ಸೇರಿದ ಮೂರನೆಯ ವರ್ಷದ ಮಳೆಗಾಲ. ನಡುವಿನಲ್ಲೇ ಹಿಂದಿನ ಎರಡೂ ಗಾಲಿ ಅಚ್ಚಿನತನಕ ಕೂತವು. ಫೋರ್ ವ್ಹೀಲ್ ಹಾಕಿದೆ, ನಾಲ್ಕೂ ಗಾಲಿ ತಿರುಗಿ ತಿರುಗಿ ಇನ್ನಷ್ಟು ಕೆಳಗೆ ಹೋದವು. ಸಿಸ್ಟರ್ ಕೆಳಗಿಳಿದರು. ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ನಡೆದುಬಿಟ್ಟರು. ಅಲ್ಲಿಂದ ತಾಂಡಾಕ್ಕೆ ಒಂದೂವರೆ ಮೈಲು ಏರು. ಹೀಗೆ ಎಷ್ಟನೆಯ ಸಲವೋ. ನಾನು ಸಲಿಕೆ ತೆಗೆದು ಗಾಲಿಯ ಮುಂದಿನ ರಾಡಿ ತೋಡುತ್ತ ಕೂತೆ.

ಬಾಳೆತೋಟದ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದು ನಿಂತಳು. ನಲವತ್ತು ದಾಟಿದ, ಎತ್ತರದ ಮೈಕಟ್ಟಿನ ಹೆಂಗಸು, ಕೈಯಲ್ಲಿ ಹುಲ್ಲು ಕೊಯ್ಯುವ ಕುಡುಗೋಲು. ಆ ಹುಲ್ಲು, ಬಾಳೆ ಎರಡೂ ಅವಳವು ಎಂದು ನನಗೆ ಗೊತ್ತಿತ್ತು. ಗಂಡ ಕಲಬುರಗಿಯ ಕಾಳಿನ ಪೇಟೆ ನೆಹರು ಗಂಜಿನಲ್ಲಿ ಹಮಾಲಿ ಮಾಡುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಹೊಲಮನೆ ಎಲ್ಲ ಇವಳ ಮೇಲೆಯೇ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

“ತಮ್ಮಾ, ಸಲಿಕಿ ಇಡು. ನನ್ನ ಕೂಡ ಏರಿ ಮ್ಯಾಲ ಬಾ,” ಎಂದಳು.

“ಗಾಡಿ ಹೂತದ ಯವ್ವಾ, ತಗೀಬೇಕು.”

“ಗಾಡಿ ಎಲ್ಲಿಗೂ ಹೋಗಂಗಿಲ್ಲ. ಬಾ.”

ಹೋದೆ. ಏರಿ ಎರಡಾಳೆತ್ತರ. ಮೇಲೆ ನಿಂತು ಅವಳು ಕುಡುಗೋಲಿನಿಂದ ಕೆಳಗೆ ತೋರಿಸಿದಳು. ಎರಡು ವರ್ಷಕ್ಕೂ ಹೆಚ್ಚು ಆ ನೆಲದ ಮೇಲೆ ಓಡಾಡಿದ್ದೆ, ಮೇಲಿನಿಂದ ಒಮ್ಮೆಯೂ ನೋಡಿರಲಿಲ್ಲ. ಹುಲ್ಲಿನ ನಡುವೆ ಏಳು ಜೋಡಿ ಜಾಡುಗಳಿದ್ದವು. ಈ ತುದಿಯಲ್ಲಿ ಒಂದೇ ಕಡೆ ಹುಟ್ಟಿ, ನಡುವೆ ಹಿಂಜಿದ ಹಗ್ಗದ ಎಳೆಗಳಂತೆ ಅಗಲವಾಗಿ, ಆ ತುದಿಯಲ್ಲಿ ಮತ್ತೆ ಒಂದಾಗುತ್ತಿದ್ದವು. ಏಳರಲ್ಲೂ ಕಪ್ಪು ನೀರು. ಕೊನೆಯದು ಬಾಳೆಯ ಸಾಲಿಗೆ ಹತ್ತು ಮಾರು ದೂರದಲ್ಲಿತ್ತು.

“ನೀ ಹೂತಾಗೊಮ್ಮೆ ಎಡಕ್ಕ ಹೊರಳ್ತಿ,” ಎಂದಳು. “ಬ್ಯಾರೆ ಯಾರೂ ಇಲ್ಲಿ ಗಾಡಿ ತರಂಗಿಲ್ಲ, ಇವೆಲ್ಲ ನಿನ್ನವೇ. ನೀರು ಮೊದಲು ಎಲ್ಲಾ ಕಡಿ ಹರಡಿ ಹೋಗ್ತಿತ್ತು. ಈಗ ನಿನ್ನ ಜಾಡು ಹಿಡದು ಒಂದ ಮೂಲಿಗಿ ಹೋಗಿ ನಿಲ್ತದ. ಎಮ್ಮಿಗಿ ಹುಲ್ಲಿಲ್ಲ. ಇನ್ನ ಎರಡು ಮಳಿಗಾಲಕ್ಕ ನನ್ನ ಬಾಳಿಯಾಗ ಬರ್ತಿ.”

ನಾನು ಗುಡ್ಡದ ಕಡೆ ಕೈ ತೋರಿಸಿದೆ. “ತಾಂಡಾದಾಗ ಹುಡುಗರಿಗಿ ಸೂಜಿ ಹಾಕಬೇಕಲ್ಲ ಯವ್ವಾ” ಎಂದೆ.

“ಬರಬ್ಯಾಡ ಅಂದಿಲ್ಲ ನಾ. ನನ್ನ ಕೂಸಿಗೂ ಅದೇ ಸಿಸ್ಟರ್ ಸೂಜಿ ಹಾಕ್ಯಾರ. ಒಂದ ದಾರಿ ಹಿಡಿ. ಅದನ್ನ ಗಟ್ಟಿ ಮಾಡ್ಕೋ. ಉಳಿದದ್ದು ನನಗ ಬಿಡು.”

ಅಂದು ತಾಂಡಾದವರು ಎರಡು ಜೋಡಿ ಎತ್ತು ತಂದು ಜೀಪು ಎಳೆದರು. ಕಮಲಾಪುರದಲ್ಲಿ ಇಳಿಯುವಾಗ ಸಿಸ್ಟರ್ “ಆಕಿ ಹೇಳಿದ್ದು ಖರೇ ಅದ” ಎಂದರು. ಹುಲ್ಲಿನ ಬದಿಯಲ್ಲಿ ನಡೆದುಹೋಗುವಾಗ ಆ ಹೆಂಗಸು ಅವರಿಗೂ ಹೇಳಿರಬೇಕು.

ದವಾಖಾನೆಯ ಸಾಹೇಬರಿಗೆ ತಿಳಿಸಿದೆ. ದಾರಿ ಮಾಡುವುದು ನಮ್ಮ ಕೆಲಸವಲ್ಲ, ಅರ್ಜಿ ಬರೆದು ಕೊಡು, ಕಳಿಸುತ್ತೇನೆ ಎಂದರು. ಬರೆದುಕೊಟ್ಟೆ. ಅರ್ಜಿ ಹೋದ ಕಚೇರಿಯಲ್ಲಿ, ಅಲ್ಲಿ ದಾರಿಯೇ ಇಲ್ಲ, ಇಲ್ಲದ ದಾರಿಯನ್ನು ರಿಪೇರಿ ಮಾಡಲು ಬರುವುದಿಲ್ಲ ಎಂದರು. ಅವರು ಹೇಳಿದ್ದು ಸುಳ್ಳೂ ಅಲ್ಲ. ನಾನು ಮತ್ತೆ ಹೋಗಲಿಲ್ಲ.

ಆ ಬೇಸಿಗೆಯಲ್ಲಿ ತಾಂಡಾದ ನಾಯಕನಿಗೆ ಹೇಳಿ ಟ್ರ್ಯಾಕ್ಟರು ತರಿಸಿದೆವು. ನಾಯಕ ಎಂದರೆ ಅಲ್ಲಿನ ಹಿರಿಯ, ಅವನ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ. ಗುಡ್ಡದಿಂದ ಕೆಂಪು ಕಲ್ಲು ತುಂಬಿ ತಂದು ಒಂದು ಜಾಡಿನುದ್ದಕ್ಕೂ ಸುರಿದೆವು. ನಾನು ನಾಲ್ಕು ರವಿವಾರ ಹೋಗಿ ಕಲ್ಲು ಹೊತ್ತೆ. ಬ್ರಹ್ಮಪುರದಿಂದ ಬಸ್ಸು ಹಿಡಿದು ಕಮಲಾಪುರ, ಅಲ್ಲಿಂದ ನಡಿಗೆ. ಮೇ ತಿಂಗಳ ಬಿಸಿಲಿಗೆ ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ಮುಗಿದಾಗ ನೋಡಲು ಚೆನ್ನಾಗಿತ್ತು. ಜೂನಿನಲ್ಲಿ ಜೀಪು ಗಡಗಡ ಎಂದು ದಾಟಿತು. ಜುಲೈಯಲ್ಲಿ ಕಲ್ಲುಗಳ ನಡುವೆ ರಾಡಿ ಮೇಲೆ ಬಂತು. ದಸರಾ ಹೊತ್ತಿಗೆ ಕಲ್ಲೇ ಕಾಣಿಸುತ್ತಿರಲಿಲ್ಲ. ಕೋಲು ಚುಚ್ಚಿ ನೋಡಿದೆ, ಮೊಣಕಾಲಿನಷ್ಟು ಆಳದಲ್ಲಿ ಟಕ್ ಎಂದಿತು. ನಾಲ್ಕು ರವಿವಾರದ ದುಡಿಮೆ ಅಷ್ಟು ಕೆಳಗೆ ಹೋಗಿತ್ತು. ನಾನು ಏರಿಯ ಬುಡದಲ್ಲಿ ಸುಮ್ಮನೆ ಕೂತೆ. ಸಿಟ್ಟು ಬರುವಷ್ಟು ತ್ರಾಣವೂ ಇರಲಿಲ್ಲ.

ಆ ಹೆಂಗಸು ಒಂದು ತಂಬಿಗೆ ಮಜ್ಜಿಗೆ ತಂದುಕೊಟ್ಟಳು.

“ನಮ್ಮ ಎಮ್ಮಿ ಕೊಟ್ಟಿಗಿ ನೋಡಿದೇನು ನೀ? ಮಳಿಗಾಲದಾಗ ಅದೂ ಹಿಂಗ ಆಗ್ತದ. ಬರೇ ಕಲ್ಲು ಹಾಕಿದ್ರ ಎಮ್ಮಿ ತುಳದು ತುಳದು ಒಳಗ ಕಳಿಸ್ತಾವ. ಅದಕ ತೊಗರಿ ಕಟಗಿ ಅಡ್ಡ ಹಾಸ್ತೀವಿ. ಕಟಗಿ ಮ್ಯಾಲ ಗರಸು.”

“ಕಟಗಿ ಕೊಳಿಯಂಗಿಲ್ಲೇನು?”

“ಮ್ಯಾಲಿಂದು ಕೊಳೀತದ. ರಾಡಿಯಾಗ ಮುಣಗಿದ್ದು ಕೊಳಿಯಂಗಿಲ್ಲ. ನಮ್ಮ ಅತ್ತಿ ಹಾಸಿದ್ದು ಇನ್ನಾ ಅದ.”

ಕಲಬುರಗಿ ಸೀಮೆಯಲ್ಲಿ ತೊಗರಿಗೇನು ಬರ. ಸಂಕ್ರಾಂತಿಯ ಹೊತ್ತಿಗೆ ರಾಶಿಯಾದ ಮೇಲೆ ಕಟ್ಟಿಗೆಯನ್ನು ಹೊರೆ ಕಟ್ಟಿ ಮನೆಯ ಹಿಂದೆ ಒಟ್ಟುತ್ತಾರೆ. ಆದರೆ ಅದು ಬಿಟ್ಟಿ ವಸ್ತುವಲ್ಲ, ವರ್ಷವಿಡೀ ಒಲೆಗೆ ಅದೇ ಉರುವಲು. ಇನ್ನೂರು ಹೆಜ್ಜೆಗೆ ಎಷ್ಟು ಹೊರೆ ಬೇಕು ಎಂದು ನಾನೂ ಸಿಸ್ಟರೂ ಜೀಪಿನಲ್ಲಿ ಕೂತು ಲೆಕ್ಕ ಹಾಕಿ ಸುಮ್ಮನಾದೆವು. ತಾಂಡಾದ ಹೆಣ್ಣುಮಕ್ಕಳ ಹತ್ತಿರ ಅದನ್ನು ಕೇಳುವ ಬಾಯಿ ನನಗಿರಲಿಲ್ಲ. ಸಿಸ್ಟರ್ ಕೇಳಿದರು. ಸೂಜಿ ಹಾಕುವ ದಿನ ಬೇವಿನ ಮರದ ಕೆಳಗೆ ಎಲ್ಲರೂ ಕೂಡಿದ್ದಾಗ ಎದ್ದು ನಿಂತು ಹೇಳಿದರು:

“ಮನಿಗಿ ಎರಡು ಹೊರಿ ಕೊಡ್ರಿ. ಒಲಿಗಿ ಕಮ್ಮಿ ಬೀಳ್ತದ, ಗೊತ್ತದ ನನಗ. ಹೆರಿಗಿ ಬ್ಯಾನಿ ಬಂದಾಕಿನ್ನ ಹೋದ ವರ್ಷ ಹೊರಸಿನ ಮ್ಯಾಲ ಹೊತ್ಕೊಂಡು ಆ ಜವಳು ದಾಟಿಸಿದ್ದು ನೀವೇ. ವಿಚಾರ ಮಾಡ್ರಿ.”

ಒಬ್ಬ ಮುದುಕಿ ತಮ್ಮ ಮಾತಿನಲ್ಲಿ ಏನೋ ಗೊಣಗಿದಳು. ಉಳಿದವರು ಮಕ್ಕಳನ್ನು ಎತ್ತಿಕೊಂಡು ಮನೆಗಳ ಕಡೆ ಹೋದರು. ಆಗಲಿಲ್ಲ ಎಂದುಕೊಂಡೆವು. ಜನವರಿ ಕಳೆದ ಮೇಲೆ ಒಂದು ದಿನ ಹೋದರೆ ಜವಳಿನ ಆಚೆ ದಂಡೆಯಲ್ಲಿ ಹೊರೆಗಳನ್ನು ಮನೆಯೆತ್ತರ ಒಟ್ಟಿದ್ದರು. ಆ ವರ್ಷ ಅವರು ಉರುವಲಿಗೆ ಗುಡ್ಡ ಹತ್ತಿ ಮುಳ್ಳುಕಂಟಿ ಕಡಿದು ತಂದರು. ಅದನ್ನು ನಾನು ದಾರಿಯಲ್ಲಿ ಕಂಡೆ, ಅವರಾಗಿ ಯಾರೂ ಹೇಳಲಿಲ್ಲ.

ಕಟ್ಟಿಗೆಯ ಮೇಲೆ ಹಾಕುವ ಗರಸು ಮತ್ತೆ ರಾಡಿಯಲ್ಲಿ ಇಳಿಯಬಾರದಲ್ಲ. ಚೀಲಕ್ಕೆ ಉಸುಕು ತುಂಬಿ ಸಾಲಾಗಿ ಇಟ್ಟರೆ ಹೇಗೆ ಎಂದು ನನ್ನ ತಲೆಗೆ ಬಂತು. ನೆಹರು ಗಂಜಿನಲ್ಲಿ, ಆ ಹೆಂಗಸಿನ ಗಂಡ ಹಮಾಲಿ ಮಾಡುವ ಅಡತಿಯ ಎದುರಿಗೇ, ಹರಿದ ಗೋಣಿಚೀಲ ಹೊಲಿದು ಮಾರುವ ಒಬ್ಬ ಮುದುಕ ಸಾಬರ ಅಂಗಡಿಯಿತ್ತು. ಹೋಗಿ ಕೇಳಿದೆ. ಅವರು ದಬ್ಬಣ ಬಿಡದೆ ನನ್ನ ಕಡೆ ನೋಡಿದರು.

“ಫಟೇ ಬೋರೆ ಕಾಯ್ಕು ಮಿಯಾ? ಹರಿದ ಚೀಲದಾಗ ಕಾಳು ನಿಲ್ಲಂಗಿಲ್ಲ.”

“ಕಾಳಿಗಲ್ಲ ಚಾಚಾ. ಉಸುಕು ತುಂಬಿ ರಾಡ್ಯಾಗ ಇಡಾಕ. ಜೀಪಿಗಿ ದಾರಿ ಮಾಡಾಕತ್ತೀನಿ.”

ಈಗ ದಬ್ಬಣ ಕೆಳಗಿಟ್ಟರು. ಎಲ್ಲಿ, ಎಂಥ ನೆಲ, ಎಷ್ಟು ಉದ್ದ ಎಂದು ಒಂದೊಂದೇ ಕೇಳಿದರು.

“ತುಂಬಬ್ಯಾಡ. ತುಂಬಿದ್ರ ಚೀಲನೂ ಹೋಗ್ತದ, ಉಸುಕೂ ಹೋಗ್ತದ. ನಮ್ಮ ಗೋಡೌನ್ ಮುಂದ ಮಳಿಗಾಲದಾಗ ಲಾರಿ ಹೂತು ಹೂತು ಸಾಕಾಗಿತ್ತು. ಆಗ ಚೀಲ ಸೀಳಿ, ಚಾದರ ಹಾಸಿದಂಗ ಹಾಸಿ, ಮ್ಯಾಲ ಖಡಿ ಕಲ್ಲು ಹಾಕಿದ್ವಿ. ರಾಡಿ ಮ್ಯಾಲ ಬರಲಿಲ್ಲ, ಖಡಿ ಕೆಳಗ ಹೋಗಲಿಲ್ಲ. ದೋನೋಂಕು ಅಲಗ್ ರಖ್ನಾ, ಬಸ್.”

ಎರಡನ್ನೂ ಬೇರೆ ಬೇರೆ ಇಡು, ಅಷ್ಟೇ. ಅಂಗಡಿಯ ಹಿಂದೆ ಹೊಲಿಯಲಿಕ್ಕೂ ಬಾರದ ಚೀಲಗಳ ಗುಡ್ಡೆಯೇ ಇತ್ತು. ಬೇಕಾದಷ್ಟು ಒಯ್ಯಿ, ನನಗೂ ಜಾಗ ಖಾಲಿಯಾಗುತ್ತದೆ ಎಂದರು. ಮೂರು ಸಲ ಜೀಪಿನ ಟಪ್ಪಿನ ಮೇಲೆ ಕಟ್ಟಿಕೊಂಡು ಒಯ್ದೆ. ತೊಗರಿಯ ಧೂಳಿಗೆ ದಾರಿಯುದ್ದಕ್ಕೂ ಸೀನು.

ಮನೆಯ ನೆಲಕ್ಕೆ ಹಾಸುವ ಫರಸಿ ಕಲ್ಲಿನ ತುಂಡುಗಳನ್ನು ಊರ ಹೊರಗಿನ ಪಾಲಿಶ್ ಕಾರಖಾನೆಗಳವರು ಬಿಸಾಡುತ್ತಿದ್ದರು, ಅವನ್ನು ನಾಯಕ ಟ್ರ್ಯಾಕ್ಟರಿನಲ್ಲಿ ತರಿಸಿದ. ಏಪ್ರಿಲಿನಲ್ಲಿ ಕೆಲಸ ಸುರುವಾಯಿತು. ಮೊದಲು ಏಳು ಜಾಡುಗಳಲ್ಲಿ ಒಂದನ್ನು ಆರಿಸಿದೆವು. ಏರಿಯ ಕಡೆಗಿನ ಮೊದಲನೆಯದು, ನಾವು ಕಲ್ಲು ಹಾಕಿ ಕಳೆದುಕೊಂಡಿದ್ದ ಅದೇ ಜಾಡು. ಎರಡೂ ಬದಿಗೆ ಕಲ್ಲು ನೆಟ್ಟು ಗುರುತು ಮಾಡಿದೆವು. ಒಂದು ಜೀಪಿನ ಅಗಲ, ಮೇಲೆ ಒಂದು ಗೇಣು. ಅದಕ್ಕಿಂತ ಅಗಲ ಬೇಡ ಎಂದು ಆ ಹೆಂಗಸು ಹಟ ಹಿಡಿದಳು. ಹೊರೆಗಳನ್ನು ದಾರಿಗೆ ಅಡ್ಡವಾಗಿ, ಒಂದಕ್ಕೊಂದು ಒತ್ತಿ ಮಲಗಿಸಿದೆವು. ಅದರ ಮೇಲೆ ಸೀಳಿದ ಗೋಣಿ, ಅಂಚಿನ ಮೇಲೆ ಅಂಚು ಬರುವಂತೆ. ಗೋಣಿಯ ಮೇಲೆ ಫರಸಿ ತುಂಡು, ಅದರ ಮೇಲೆ ಕೆಂಪು ಗರಸು. ಕೆರೆಯ ನೀರು ಹೊತ್ತು ತಂದು ಹೊಡೆದು, ಜೀಪನ್ನು ಹಿಂದೆ ಮುಂದೆ ಓಡಿಸಿ ತುಳಿಸುವುದು. ಹೇಳಲು ಇಷ್ಟೇ. ಮಾಡಲು ಏಪ್ರಿಲ್, ಮೇ ಎರಡು ತಿಂಗಳ ರಜಾ ದಿನಗಳೆಲ್ಲ ಹೋದವು. ನನ್ನ ಟೊಂಕದ ನೋವು ಸುರುವಾದದ್ದು ಆವಾಗಲೇ.

ಆ ವರ್ಷದ ಮೊದಲ ದೊಡ್ಡ ಮಳೆಯ ಮರುದಿನ ನಾನೂ ಸಿಸ್ಟರೂ ಜವಳಿನ ದಂಡೆಯಲ್ಲಿ ನಿಂತೆವು. ಅವರು ರೂಢಿಯಂತೆ ಚಪ್ಪಲಿ ಬಿಚ್ಚಲು ಬಗ್ಗಿದರು. “ಕುಂದ್ರಿ ಅಕ್ಕಾರ, ನೋಡೋಣ” ಎಂದು ಲೋ ಗೇರಿನಲ್ಲಿ ಹತ್ತಿಸಿದೆ. ದಾರಿ ಅಲುಗಿತು. ಹತ್ತಿಯ ಗಾದಿಯ ಮೇಲೆ ನಡೆದ ಹಾಗೆ ಮೆಲ್ಲಗೆ ಕೆಳಗೆ ಹೋಗಿ ಮೇಲೆ ಬರುತ್ತಿತ್ತು. ಬದಿಯ ನೀರಿನಲ್ಲಿ ಗುಳ್ಳೆ ಎದ್ದವು. ಆದರೆ ಗಾಲಿ ಹೂಳಲಿಲ್ಲ. ಆಚೆ ದಂಡೆ ಮುಟ್ಟಿದಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

“ಇವತ್ತು ಕಾಲು ತೊಳಿಯೋದು ತಪ್ತು,” ಎಂದರು ಸಿಸ್ಟರ್. ಅಷ್ಟೇ.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುವ ಕಾರಣವಿರಲಿಲ್ಲ. ಆಗಸ್ಟ್ ತಿಂಗಳು. ದಾರಿಯ ಬಲಕ್ಕೆ, ಏರಿಯ ಕಡೆ, ನೀರು ನಿಲ್ಲಲು ಹತ್ತಿತು. ಮೊದಲು ಹುಲ್ಲಿನ ಬುಡದಲ್ಲಿ, ಆಮೇಲೆ ಹುಲ್ಲಿನ ತುದಿಯವರೆಗೆ. ನಾವು ಗಟ್ಟಿ ಮಾಡಿದ ದಾರಿ ಅಡ್ಡ ಕಟ್ಟಿದ ಒಡ್ಡಿನಂತಾಗಿತ್ತು. ಒಸರಿನ ನೀರಿಗೆ ಕೆಳಗೆ ಹೋಗಲು ಹಾದಿಯಿರಲಿಲ್ಲ. ಎಡಕ್ಕೆ ಬಾಳೆಯಲ್ಲಿ ಮೇಲಿನ ಎರಡು ಸಾಲಿನ ಎಲೆಗಳು ಅಂಚಿನಿಂದ ಹಳದಿಯಾಗಿದ್ದವು. ಸುತ್ತ ಎಲ್ಲೆಲ್ಲೂ ನೀರು, ಆ ಬಾಳೆಯ ಬುಡ ಮಾತ್ರ ಒಣಗುತ್ತಿತ್ತು. ಎರಡು ಮಳೆಗಳ ನಡುವೆ ಅದು ಬದುಕುತ್ತಿದ್ದದ್ದು ಆ ಒಸರಿನ ಮೇಲೆಯೇ ಎಂದು ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು, ಆದರೆ ಹೀಗಾಗುತ್ತದೆ ಎಂದು ಅವಳೂ ಎಣಿಸಿರಲಿಲ್ಲ.

“ದಾರಿ ಹರೀಬೇಕಾಗ್ತದ ತಮ್ಮಾ,” ಎಂದಳು. “ಮೂರು ಕಡಿ.”

“ಯವ್ವಾ, ಮಳಿಗಾಲ ಮುಗೀಲಿ.”

“ಮಳಿಗಾಲ ಮುಗಿಯೂತನ ಬಾಳಿ ಇರಂಗಿಲ್ಲ.”

“ನನ್ನಿಂದ ಆಗಂಗಿಲ್ಲ,” ಎಂದುಬಿಟ್ಟೆ. ಜೋರಾಗಿ ಹೇಳಲಿಲ್ಲ. ಆದರೆ ಹೇಳಿದೆ. “ಎರಡು ಬ್ಯಾಸಿಗಿ ಹೋಗ್ಯಾವ. ಮತ್ತ ಅದನ್ನ ಹರಿ ಅಂದ್ರ ನನ್ನ ಕೈಲಿಂದ ಆಗಂಗಿಲ್ಲ.”

ಅವಳು ಬಾಳೆಯ ಕಡೆ ನಡೆದಳು.

ಆ ವಾರ ಟೊಂಕ ಹಿಡಿದು ಮನೆಯಲ್ಲಿ ಮಲಗಿದೆ. ಬಿಸಿ ಉಪ್ಪಿನ ಶಾಖ ಕೊಡುತ್ತ ಹೆಂಡತಿ ಕೇಳಿದಳು:

“ಆ ದಾರಿ ಯಾರದರೀ? ನಿಮ್ಮದೇನು?”

ನಾನು ಗೋಡೆಯ ಕಡೆ ಹೊರಳಿದೆ. ಅವಳ ಸಿಟ್ಟೂ ನ್ಯಾಯದ್ದೇ. ಎರಡು ಬೇಸಿಗೆಯ ರವಿವಾರಗಳು ಅವಳವೂ ಆಗಿದ್ದವು. ಸೂಪರ್ ಮಾರ್ಕೆಟ್ ಎನ್ನುವ ಪೇಟೆಗೆ ಹೋಗಿ ಮಕ್ಕಳಿಗೆ ಬಟ್ಟೆ ತರುವ ಕೆಲಸವನ್ನೂ ಆಕೆಯೊಬ್ಬಳೇ ಮಾಡಿದ್ದಳು.

ಎಂಟು ದಿನ ಬಿಟ್ಟು ಹೋದೆವು. ದಾರಿಯ ನಡುವೆ ಒಂದು ಕಾಲುವೆ ಕಡಿದಿತ್ತು, ಜೀಪು ದಾಟಲಾಗದಷ್ಟು ಅಗಲ. ಗರಸು, ಫರಸಿ, ಗೋಣಿ, ಕಟ್ಟಿಗೆ ಎಲ್ಲ ಒಂದರ ಕೆಳಗೊಂದು ಕಾಣಿಸುವಂತೆ ಆ ಹೆಂಗಸು ನೇರವಾಗಿ ಕಡಿದಿದ್ದಳು. ತೆಗೆದ ಫರಸಿಯನ್ನು ಬದಿಗೆ ಅಚ್ಚುಕಟ್ಟಾಗಿ ಒಟ್ಟಿದ್ದಳು. ಒಬ್ಬಳೇ, ಮಳೆಯಲ್ಲಿ. ಏರಿಯ ಕಡೆಯ ನೀರು ಅದರಲ್ಲಿ ಹರಿದು ಬಾಳೆಯ ಕಡೆ ಹೋಗುತ್ತಿತ್ತು.

ನನ್ನೊಳಗೆ ಸಿಟ್ಟು ಎದ್ದಿತು, ಸುಳ್ಳು ಯಾಕೆ ಹೇಳಲಿ. ಆ ಗೋಣಿಗಳನ್ನು ನಾನು ಒಂದೊಂದಾಗಿ ಸೀಳಿದ್ದೆ. ಅವಳನ್ನು ಕರೆದು ಏನಾದರೂ ಅನ್ನಬೇಕು ಎಂದು ನಾಲ್ಕು ಹೆಜ್ಜೆ ಹೋದೆ. ಬಾಳೆಯ ಸಾಲಿನಲ್ಲಿ ಅವಳು ನೆಲದ ಮೇಲೆ ಕೂತಿದ್ದಳು, ಕೈ ಎರಡೂ ತೊಡೆಯ ಮೇಲೆ ಅಂಗಾತ. ಅಂಗೈಗೆ ಅರಿಶಿಣ ಹಚ್ಚಿದ ಅರಿವೆ ಸುತ್ತಿತ್ತು. ನಾನು ತಿರುಗಿ ಸಿಸ್ಟರನ್ನು ಕರೆದೆ.

ಸಿಸ್ಟರ್ ಅವಳ ಅರಿವೆ ಬಿಚ್ಚಿ, ಒಡೆದ ಬೊಕ್ಕೆಗಳಿಗೆ ಔಷಧ ಹಚ್ಚಿ, ಬಿಳಿ ಪಟ್ಟಿ ಕಟ್ಟಿದರು. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ತಾಂಡಾಕ್ಕೆ ನಡೆದರು.

ನಾನು ಆ ಹೆಂಗಸಿನ ಹತ್ತಿರ ಕೂತೆ.

“ತಪ್ಪಾತು ಯವ್ವಾ.”

“ಯಾರ ತಪ್ಪೂ ಅಲ್ಲ. ನೀರಿಗಿ ಹಾದಿ ಬೇಕು, ನಿನಗೂ ಹಾದಿ ಬೇಕು.” ಕಡಿದ ಕಾಲುವೆಯ ಕಡೆ ನೋಡುತ್ತ ಕೇಳಿದಳು, “ಅಲ್ಲಿ ದೊಡ್ಡ ಗುಂಡುಕಲ್ಲು ತುಂಬಿದ್ರ ಹ್ಯಾಂಗ? ಮಣ್ಣು ಹಾಕಬಾರದು, ಗರಸೂ ಹಾಕಬಾರದು. ಕಲ್ಲಿನ ಸಂದಿನ್ಯಾಗ ನೀರು ಹೋಗ್ತದ. ಮ್ಯಾಲ ಫರಸಿ ಇಟ್ರ ನಿನ್ನ ಗಾಲಿ ಹೋಗ್ತಾವ.”

ಹಾಗೆಯೇ ಮಾಡಿದೆವು. ಅವಳು ಕಡಿದಲ್ಲಿ ಒಂದು, ಅದರ ಆಚೆ ಈಚೆ ಇನ್ನೆರಡು. ನಾಯಕ ಹತ್ತು ಜನರನ್ನು ಕಳಿಸಿದ. ಗುಂಡುಕಲ್ಲು ಉರುಳಿಸಿ ತಂದು ತುಂಬಿದರು, ಮೇಲೆ ದಪ್ಪ ಫರಸಿ ಮುಚ್ಚಿದರು. ನನ್ನ ಟೊಂಕಕ್ಕೆ ಭಾರ ಎತ್ತುವಂತಿರಲಿಲ್ಲ. ಹಗ್ಗ ಹಿಡಿದು ನೇರ ನೋಡುವ ಕೆಲಸ ಕೊಟ್ಟರು. ಹದಿನೈದು ದಿನದಲ್ಲಿ ಏರಿಯ ಕಡೆಯ ನೀರು ಇಳಿಯಿತು. ಬಾಳೆಯ ಮೇಲಿನ ಒಂದು ಸಾಲು ಚೇತರಿಸಿಕೊಂಡಿತು. ಇನ್ನೊಂದು ಸಾಲು ಉಳಿಯಲಿಲ್ಲ. ಅದನ್ನು ಅವಳು ಕಡಿದು ಎಮ್ಮೆಗೆ ಹಾಕಿದಳು, ನನಗೆ ಆ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಹಗುರಾಗುತ್ತಿತ್ತೇನೋ.

ಆ ಮೇಲಿನ ಹತ್ತು ಹನ್ನೆರಡು ವರ್ಷ ಆ ದಾರಿ ನಿಂತಿತು. ನಿಂತಿತು ಎಂದರೆ ತಾನಾಗಿ ನಿಲ್ಲಲಿಲ್ಲ. ಪ್ರತಿ ಬೇಸಿಗೆಯಲ್ಲಿ ಗರಸು ಹೊಸದಾಗಿ ಹಾಕಬೇಕು, ಕುಸಿದಲ್ಲಿ ನಾಲ್ಕು ಹೊರೆ ಕಟ್ಟಿಗೆ ಸೇರಿಸಬೇಕು, ಗುಂಡುಕಲ್ಲಿನ ಸಂದಿಯಲ್ಲಿ ಕೂತ ಹೂಳು ಕೆದರಿ ತೆಗೆಯಬೇಕು. ನೆಲ ಒಂದು ವರ್ಷವೂ ಸುಮ್ಮನಿರುತ್ತಿರಲಿಲ್ಲ. ದಾರಿ ಗಟ್ಟಿಯಾಯಿತು ಎಂದು ತಿಳಿದ ಮೇಲೆ ಯಾರೋ ಕೆಂಪು ಮಣ್ಣು ಹೊರುವ ಲಾರಿಗಳನ್ನು ತಂದರು. ಒಂದು ಲಾರಿ ದಾಟಿದ್ದಕ್ಕೆ ಮೂರು ಕಡೆ ಫರಸಿ ಒಡೆಯಿತು. ನಾವು ಎರಡೂ ತುದಿಯಲ್ಲಿ ಜೀಪು ಮಾತ್ರ ನುಸುಳುವಷ್ಟು ಜಾಗ ಬಿಟ್ಟು ಕಲ್ಲುಗಂಬ ನೆಟ್ಟೆವು. ಅವನ್ನು ಯಾರೋ ಕಿತ್ತರು. ಆ ಹೆಂಗಸು ಮತ್ತೆ ನೆಡಿಸಿದಳು. ಹೀಗೆ ನಾಲ್ಕೈದು ಸಲ. ಕೊನೆಗೆ ಕಿತ್ತವರಿಗೇ ಬೇಸರವಾಗಿ ಬಿಟ್ಟರು.

ಉಳಿದ ಆರು ಜಾಡುಗಳು ತುಂಬಿಕೊಳ್ಳಲು ನಾನು ಎಣಿಸಿದ್ದಕ್ಕಿಂತ ಬಹಳ ವರ್ಷ ಹಿಡಿದವು. ಗಾಲಿ ಹಾಯುವುದು ನಿಂತರೆ ಒಂದೇ ಮಳೆಗಾಲಕ್ಕೆ ಹುಲ್ಲು ಬರುತ್ತದೆ ಎಂದುಕೊಂಡಿದ್ದೆ. ಮೊದಲ ವರ್ಷ ಬರೀ ಪಾಚಿ. ಮೂರನೆಯ ವರ್ಷ ಅಂಚಿನಿಂದ ಸ್ವಲ್ಪ ಹುಲ್ಲು. ಎರಡು ಜಾಡುಗಳು ಕಡೆಯವರೆಗೂ ತುಂಬಲಿಲ್ಲ, ಅಲ್ಲಿ ಬೇಸಿಗೆಯಲ್ಲೂ ಕಪ್ಪೆ ಕೂಗುತ್ತಿದ್ದವು. ಎರಡು ನಿಮಿಷದ ಅವಸರಕ್ಕೆ ಪಕ್ಕಕ್ಕೆ ಹೊರಳಿಸಿದ ಗಾಲಿಯ ಗುರುತು ಅದು. ನಾನು ಪ್ರತಿ ಸಲ ದಾಟುವಾಗ ಆ ಕಡೆ ನೋಡುತ್ತಿದ್ದೆ, ನೋಡಬಾರದು ಎಂದುಕೊಂಡೇ ನೋಡುತ್ತಿದ್ದೆ.

ಸಿಸ್ಟರಿಗೆ ನಡುವೆ ಬೇರೆ ತಾಲೂಕಿಗೆ ವರ್ಗವಾಯಿತು. ಹೋಗುವ ದಿನ ತಾಂಡಾದವರು ಜವಳಿನ ದಂಡೆಯತನಕ ಬಂದಿದ್ದರು. ಅವರು ಎಲ್ಲರ ಕೈ ಹಿಡಿದು, ಕೊನೆಗೆ ಆ ಹೆಂಗಸಿನ ಅಂಗೈ ತಿರುವಿ ನೋಡಿ, ಜೀಪು ಹತ್ತಿದರು. ಅವರ ಜಾಗಕ್ಕೆ ಬಂದ ಎಳೆಯ ಸಿಸ್ಟರಿಗೆ ಅಲ್ಲಿ ಒಂದು ಕಾಲಕ್ಕೆ ದಾರಿಯಿರಲಿಲ್ಲ ಎಂಬುದೇ ಗೊತ್ತಿರಲಿಲ್ಲ. ದಾರಿ ಬಹಳ ಅಲುಗ್ತದ, ಯಾರೂ ಸರಿ ಮಾಡಂಗಿಲ್ಲೇನು ಎಂದು ಕೇಳಿದರು. ಮಾಡ್ತಾರ್ರಿ, ಎಂದೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷಕ್ಕೆ ಗುಡ್ಡದ ಆಚೆ ಮಗ್ಗುಲಿನಿಂದ ತಾಂಡಾಕ್ಕೆ ಡಾಂಬರು ಬಂತು. ಜವಳು ದಾಟುವ ಕಾರಣವೇ ಉಳಿಯಲಿಲ್ಲ. ನನಗೂ ಟೊಂಕದ ಸಲುವಾಗಿ ಊರೊಳಗಿನ ಗಾಡಿ ಕೊಟ್ಟರು. ಅದರಲ್ಲಿ ಸಾಹೇಬರನ್ನು ಮೀಟಿಂಗಿಗೆ ಬಿಟ್ಟು, ಸೂಪರ್ ಮಾರ್ಕೆಟ್ಟಿನ ಆಟೋಗಳ ನಡುವೆ ತೂರಿಸಿಕೊಂಡು ಹೋಗಿ ಮತ್ತೆ ಕರೆತರುವ ಕೆಲಸ.

ಒಮ್ಮೆ ರಜೆ ಹಾಕಿ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆ, ಅಲ್ಲಿಂದ ಯಾರದೋ ಮೋಟರ್ ಸೈಕಲ್ಲಿನ ಹಿಂದೆ ಕೂತು ಕೆರೆಗೆ. ಆ ಹೆಂಗಸಿಗೆ ತಲೆ ಬೆಳ್ಳಗಾಗಿತ್ತು. ಗಂಡ ಹಮಾಲಿ ಬಿಟ್ಟು ಮನೆಗೆ ಬಂದಿದ್ದ. ಇಬ್ಬರೂ ದಾರಿಯ ಫರಸಿ ಕಿತ್ತು ಕೊಟ್ಟಿಗೆಗೆ ಒಯ್ಯುತ್ತಿದ್ದರು. ನನ್ನನ್ನು ಕಂಡು ಅವಳು ಸ್ವಲ್ಪ ಸಂಕೋಚಪಟ್ಟ ಹಾಗೆ ಕಂಡಿತು.

“ಯಾರೂ ಅಡ್ಡಾಡಂಗಿಲ್ಲ ಈಗ. ಅದಕ ಕೀಳಾಕತ್ತೀವಿ. ನಿನಗ ಬ್ಯಾಸರ ಆತೇನು ತಮ್ಮಾ?”

“ಇಲ್ಲ ಯವ್ವಾ. ಕೀಳ್ರಿ. ಹುಲ್ಲು ಬರಲಿ.”

ಫರಸಿಯ ಕೆಳಗೆ ಗೋಣಿಯ ನೂಲೊಂದೂ ಉಳಿದಿರಲಿಲ್ಲ. ಆದರೆ ಅದರ ಕೆಳಗೆ, ಕಪ್ಪು ರಾಡಿಯಲ್ಲಿ, ತೊಗರಿಕಟ್ಟಿಗೆ ಹಾಸಿದ ಹಾಗೇ ಇತ್ತು. ಒಂದನ್ನು ಎಳೆದು ತೆಗೆದೆ. ಇದ್ದಿಲಿನಂತೆ ಕಪ್ಪಾಗಿತ್ತು, ಬಾಗಿಸಿದರೆ ಮುರಿಯಲಿಲ್ಲ. ಅದನ್ನು ತೆಗೆಯುವುದು ಬೇಡ, ಅಲ್ಲೇ ಇರಲಿ ಎಂದು ಮೂವರೂ ಮಾತಾಡಿಕೊಂಡೆವು. ಒಂದು ದೊಡ್ಡ ಫರಸಿಗೆ ನಾನೂ ಕೈ ಹಚ್ಚಲು ಹೋದೆ. ಗಂಡ ನನ್ನ ಕೈ ಸರಿಸಿ, “ನೀವು ಕುಂದ್ರಿ, ನಿಮ್ಮ ಪಾಲಿಂದು ಆಗ್ಯಾದ” ಎಂದ. ಕೂತೆ.

ಅವರ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡೆ. ಬರುವಾಗ ಅವಳು ಒಂದು ಹಣಿಗೆ ಕೆಂಪು ಬಾಳೆ ಕಟ್ಟಿಕೊಟ್ಟಳು. ಕಮಲಾಪುರದ ನಿಲ್ದಾಣದಲ್ಲಿ ಹುಮನಾಬಾದಿನ ಕಡೆಯಿಂದ ಬಂದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹಣ್ಣನ್ನು ತೊಡೆಯ ಮೇಲಿಟ್ಟುಕೊಂಡವನಿಗೆ ಯಾವಾಗ ನಿದ್ದೆ ಹತ್ತಿತೋ ಗೊತ್ತಿಲ್ಲ. ಕಲಬುರಗಿಯಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಭುಜ ಅಲುಗಿಸಿ ಎಬ್ಬಿಸಿದ.